ಬೆಳ್ಳಿ ಮೂಡಿತು ಅಂದರೆ ಏನು?



ವರ್ತೂರಿನಿಂದ ವೈಟ್‌ಫೀಲ್ಡ್ ಕಡೆಗೆ ಕತ್ತಲಿರುವಾಗಲೇ ಕೆಲಸಕ್ಕೆ ಹೊರಡುವವರು ನಮ್ಮಲ್ಲಿ ಅನೇಕರಿದ್ದೇವೆ. ಕೆಲವು ತಿಂಗಳು ಆ ಹೊತ್ತಿಗೆ ಪೂರ್ವದಲ್ಲಿ ಒಂದು ಚುಕ್ಕಿ ಥಳಥಳ ಹೊಳೆಯುತ್ತದೆ. ಬೀದಿದೀಪದ ನಡುವೆಯೂ ಕಾಣುತ್ತದೆ. ಗಡಿಯಾರವಿಲ್ಲದ ಕಾಲದಲ್ಲಿ ಹಿರಿಯರು "ಬೆಳ್ಳಿ ಮೂಡ್ತು, ಏಳ್ರೇ" ಅನ್ನುತ್ತಿದ್ದುದು ಇದನ್ನು ನೋಡಿಯೇ.

ಭಾಷೆಯಲ್ಲಿ: ಬಿಳುಪಾಗಿ ಹೊಳೆಯುವುದರಿಂದ ಕಾಲ್ಗೆಜ್ಜೆಯ ಲೋಹವೂ ಬೆಳ್ಳಿ, ಈ ಚುಕ್ಕಿಯೂ ಬೆಳ್ಳಿ. ತಮಿಳಿನ 'ವೆಳ್ಳಿ'ಗೆ ಇವೆರಡರ ಜೊತೆ ಶುಕ್ರವಾರ ಎಂಬ ಅರ್ಥವೂ ಇದೆ. ತೆಲುಗಿನವರು 'ವೇಗುಚುಕ್ಕ' ಅನ್ನುತ್ತಾರೆ.

ಆಕಾಶದಲ್ಲಿ: ಇದು ನಕ್ಷತ್ರವಲ್ಲ, ಶುಕ್ರಗ್ರಹ. ಸೂರ್ಯನ ಬೆಳಕು ಅದರ ದಟ್ಟ ಮೋಡಗಳ ಮೇಲೆ ಬಿದ್ದು ಹೊಳೆಯುತ್ತದೆ. ಸುಮಾರು 8 ತಿಂಗಳು ಬೆಳಗಿನ ಜಾವ ಪೂರ್ವದಲ್ಲಿ, ಮತ್ತೆ ಸುಮಾರು 8 ತಿಂಗಳು ಸಂಜೆ ಪಶ್ಚಿಮದಲ್ಲಿ ಕಾಣುತ್ತದೆ. ನಡುವೆ ಸೂರ್ಯನ ಪ್ರಭೆಯಲ್ಲಿ ಮರೆಯಾಗುತ್ತದೆ. ಈ ಸುತ್ತು ಮುಗಿಯಲು ಸುಮಾರು 584 ದಿನ ಬೇಕು. ಇದನ್ನು ಅಧ್ಯಯನ ಮಾಡುವ ಇಸ್ರೋ ಯೋಜನೆಗೆ 2024ರಲ್ಲಿ ಕೇಂದ್ರ ಸಚಿವ ಸಂಪುಟ 1,236 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು.

ಬೈಬಲಿನಲ್ಲಿ: ಪ್ರಕಟನಾ ಗ್ರಂಥದಲ್ಲಿ (22:16) ಯೇಸುಸ್ವಾಮಿ ತಮ್ಮನ್ನೇ ಮುಂಜಾನೆಯ ನಕ್ಷತ್ರ ಎಂದು ಕರೆದುಕೊಳ್ಳುತ್ತಾರೆ. ಯೆಶಾಯನ ಗ್ರಂಥದಲ್ಲಿ (14:12) ಅದೇ ಹೆಸರಿನಿಂದ ಬಾಬಿಲೋನಿನ ಅಹಂಕಾರಿ ರಾಜನನ್ನು ಹಂಗಿಸಲಾಗಿದೆ. ಅಲ್ಲಿ ಲತೀನ್ ಬೈಬಲಿನಲ್ಲಿರುವ ಪದ 'ಲೂಸಿಫರ್', ಅಂದರೆ ಬೆಳಕು ತರುವವನು. ಮುಂದೆ ಅದು ಸೈತಾನನ ಹೆಸರಾಯಿತು. "ಹಾಗಾದ್ರೆ ಇಬ್ಬರಿಗೂ ಒಂದೇ ಹೆಸರಾ?" ಎಂದು ಗಾಬರಿಯಾಗಬೇಕಿಲ್ಲ. ಒಂದು ಕಡೆ ಅದು ಬೆಳಗಾಗುವ ಭರವಸೆ, ಇನ್ನೊಂದು ಕಡೆ ಮೇಲೇರಿ ಬಿದ್ದವನ ಅಣಕ. ಮಾತೆ ಮರಿಯಮ್ಮನವರ ಪ್ರಾರ್ಥನಾಮಾಲೆಯಲ್ಲೂ ಈ ಹೆಸರಿದೆ. ಸೂರ್ಯನಿಗೆ ಮುಂಚೆ ಬರುವ ಚುಕ್ಕಿಯಂತೆ ಅವರು ಕ್ರಿಸ್ತರಿಗಿಂತ ಮುಂಚೆ ಬಂದವರು ಎಂಬ ಅರ್ಥದಲ್ಲಿ.

ನಮ್ಮ ಸಂಘದಲ್ಲಿ: ಪದ ಒಂದೇ ಆದರೂ ಯಾರು, ಎಲ್ಲಿ, ಯಾಕೆ ಹೇಳಿದರು ಎಂದು ಕೇಳಬೇಕು. ಸಾಲ ಕೊಡುವವರು "ನೂರಕ್ಕೆ ಎರಡು ಬಡ್ಡಿ" ಅಂದರೆ ತಿಂಗಳಿಗೋ ವರ್ಷಕ್ಕೋ? 10,000 ರೂಪಾಯಿ ಅಸಲು ಹಾಗೇ ಇದ್ದರೆ ವರ್ಷಕ್ಕೆ ಎರಡರಂತೆ ಬಡ್ಡಿ 200 ರೂಪಾಯಿ. ತಿಂಗಳಿಗೆ ಎರಡರಂತೆ 2,400 ರೂಪಾಯಿ! ಸಹಿ ಹಾಕುವ ಮುಂಚೆ ಕೇಳೋಣ, ಬರೆಸಿಕೊಳ್ಳೋಣ.

ಚರ್ಚೆಗೆ:
1. ನಿಮ್ಮ ಮನೆಮಾತಿನಲ್ಲಿ ಈ ಚುಕ್ಕಿಗೆ ಏನನ್ನುತ್ತೀರಿ?
2. ಎರಡು ಅರ್ಥ ಬರುವ ಮಾತಿನಿಂದ ಸಂಘದಲ್ಲಿ ಜಗಳವಾದದ್ದುಂಟೇ? ಹೇಗೆ ಸರಿಪಡಿಸಿಕೊಂಡಿರಿ?