ಮೂವತ್ತು ಸಾವಿರದ ಲ್ಯಾಪ್‌ಟಾಪಿಗೆ ಕುಣಿಗಲ್ ಲೆಕ್ಕ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಮೈಕ್ರೋಸಾಫ್ಟ್‌ನ ಆ ಒಂದು ತೀರ್ಮಾನದಿಂದ ಕುಣಿಗಲ್‌ನ ಈ ಅಂಕಣಕಾರನ ಮನೆಗೆ ಹೊಸ ಖರ್ಚೊಂದು ಬಂತು. ಮನೆಯಲ್ಲಿದ್ದದ್ದು 2017ರಲ್ಲಿ ಕೊಂಡ ಲ್ಯಾಪ್‌ಟಾಪ್: ಇಂಟೆಲ್ ಐ3-6006ಯು ಪ್ರೊಸೆಸರ್, 4 ಜಿಬಿ ರ‍್ಯಾಮ್, ಹಳೆಯ ಕಾಲದ ಹಾರ್ಡ್‌ಡಿಸ್ಕ್. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇರಬೇಕು. ಇದು ಆರನೇ ತಲೆಮಾರಿನದು. ಮನೆಬಳಕೆಯವರು ಕೋರಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ ಎಂಬುದೇ ಉಸಿರಾಡಲು ಸಿಕ್ಕ ಸಮಯ.

ಹಳೆಯದಕ್ಕೆ ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಮಿಂಟ್ ಹಾಕಿಕೊಂಡು ಮುಂದುವರಿಯಬಹುದಿತ್ತು. ಕನ್ನಡ ಬರವಣಿಗೆಗೆ ಅದು ಧಾರಾಳವಾಗಿ ಸಾಕು. ಯೂನಿಕೋಡ್ ಕೀಲಿಮಣೆ ಇದೆ, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟ್‌ಗಳಿವೆ, ಲಿಬ್ರೆ ಆಫೀಸ್ ಪುಕ್ಕಟೆ. ತೊಡಕಾದದ್ದು ಮಗಳ ಓದು. ಬಿ.ಕಾಂ. ವಿದ್ಯಾರ್ಥಿನಿಗೆ ಟ್ಯಾಲಿ ಬೇಕು, ಟ್ಯಾಲಿಪ್ರೈಮ್ ವಿಂಡೋಸ್‌ಗೆಂದೇ ಮಾಡಿದ ತಂತ್ರಾಂಶ. ಲೈಸೆನ್ಸ್ ಇಲ್ಲದೆಯೂ ಕಲಿಕೆಯ ಮೋಡ್‌ನಲ್ಲಿ ಅದನ್ನು ಬಳಸಬಹುದು. ತಿಂಗಳ ಕೆಲವೇ ತಾರೀಕುಗಳಿಗೆ ವೋಚರ್ ಹಾಕಲು ಬಿಡುತ್ತದೆ, ಅಭ್ಯಾಸಕ್ಕೆ ಅಷ್ಟು ಸಾಲುತ್ತದೆ. ಆದರೆ ಯಂತ್ರ ವಿಂಡೋಸ್‌ನದ್ದೇ ಆಗಬೇಕು. ಡೆಸ್ಕ್‌ಟಾಪ್ ಅಗ್ಗ, ರಿಪೇರಿಯೂ ಸುಲಭ. ಆದರೆ ಕರೆಂಟ್ ಹೋದಾಗ ಯುಪಿಎಸ್ ಬೇಕು, ಕಾಲೇಜಿಗೆ ಹೊತ್ತೊಯ್ಯಲಾಗದು. ಹಾಗಾಗಿ ಲ್ಯಾಪ್‌ಟಾಪ್. ಮನೆಯಿಂದ ಎತ್ತಿಡಲು ಸಾಧ್ಯವಾದ ಹಣ 30,000 ರೂಪಾಯಿ.

ಇಂಥ ಖರೀದಿಯಲ್ಲಿ ಬೆಂಗಳೂರಿನವರು ಹಾಕದ ಒಂದು ಲೆಕ್ಕವನ್ನು ತಾಲ್ಲೂಕು ಕೇಂದ್ರದವರು ಹಾಕಲೇಬೇಕು: ಕೆಟ್ಟರೆ ಎಲ್ಲಿಗೆ ಒಯ್ಯಬೇಕು?

ಕುಣಿಗಲ್‌ನಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ಮಂಗಳೂರು ಹೆದ್ದಾರಿಯಲ್ಲಿ ಬಸ್ಸಿಗೆ ಬರವಿಲ್ಲ. 2017ರಿಂದ ಹಾಸನ ಮಾರ್ಗದ ರೈಲೂ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮನೆಯ ಹೆಣ್ಣುಮಕ್ಕಳು ಹೊರಟರೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಚಾರ್ಜೂ ಇಲ್ಲ. ಖರ್ಚಾಗುವುದು ದಿನ. ಕೊಟ್ಟು ಬರಲು ಒಂದು ದಿನ, ತರಲು ಇನ್ನೊಂದು. ನಡುವೆ ಬಿಡಿಭಾಗ ಬರಲಿಲ್ಲವೆಂದು ಕಾಯುವ ವಾರ. ದಿನಗೂಲಿಯವರಿಗೂ ಅಂಗಡಿ ಇಟ್ಟವರಿಗೂ ಆ ದಿನಗಳು ನೇರವಾಗಿ ದುಡ್ಡು. ಆದ್ದರಿಂದ ಹೊಸ ಲ್ಯಾಪ್‌ಟಾಪ್ ಕೊಳ್ಳುವಾಗ ವಾರಂಟಿ ಎಷ್ಟು ವರ್ಷ ಎಂದು ಕೇಳಿದರೆ ಸಾಲದು. 572130 ಪಿನ್‌ಕೋಡಿಗೆ ಮೆಕ್ಯಾನಿಕ್ ಮನೆಗೇ ಬರುತ್ತಾನೋ, ನಾವೇ ಹೊತ್ತುಕೊಂಡು ಹೋಗಬೇಕೋ ಎಂದು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ತಿಳಿದುಕೊಳ್ಳಬೇಕು.

ಊರಿನ ರಿಪೇರಿ ಅಂಗಡಿಯ ಹುಡುಗನ ಮಾತು ಈ ಲೆಕ್ಕವನ್ನು ಇನ್ನಷ್ಟು ಸ್ಪಷ್ಟ ಮಾಡಿತು. "ಸಾರ್, ಯಾವ್ದಾದ್ರೂ ತಗೊಳ್ಳಿ, ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರೋದು ಮಾತ್ರ ಬೇಡ. ಅದು ಹೋದ್ರೆ ನನ್ ಕೈಲಿ ಏನೂ ಆಗಲ್ಲ."

ಮೂವತ್ತು ಸಾವಿರದ ಆಸುಪಾಸಿನ ಹೊಸ ಮಾಡೆಲ್‌ಗಳಲ್ಲಿ ಹಲವಕ್ಕೆ ಇದೇ ಕೊರತೆ. ಉದಾಹರಣೆಗೆ ಎಎಂಡಿಯ ರೈಜೆನ್ 5 7520ಯು. ಹೆಸರು ನೋಡಿದರೆ ಹೊಸ ಪೀಳಿಗೆಯದು ಅನ್ನಿಸುತ್ತದೆ. ಮೊದಲ ಅಂಕಿ 7 ಸೂಚಿಸುವುದು ಮಾರುಕಟ್ಟೆಗೆ ಬಂದ ವರ್ಷವನ್ನು. ಒಳಗಿನ ವಿನ್ಯಾಸ ಯಾವ ಕಾಲದ್ದೆಂದು ಹೇಳುವುದು ಮೂರನೇ ಅಂಕಿ. ಅಲ್ಲಿ 2 ಇದ್ದರೆ 2019ರ ಝೆನ್ 2 ವಿನ್ಯಾಸ, ನಾಲ್ಕು ಕೋರ್. 7530ಯು ಆದರೆ ಝೆನ್ 3, ಆರು ಕೋರ್. ಒಂದಂಕಿಯ ವ್ಯತ್ಯಾಸಕ್ಕೆ ಯಂತ್ರವೇ ಬೇರೆ. 7520ಯು ಬಳಸುವ ಎಲ್‌ಪಿಡಿಡಿಆರ್5 ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿ ಬರುತ್ತದೆ. 8 ಜಿಬಿ ಕೊಂಡರೆ ಕೊನೆತನಕ 8 ಜಿಬಿಯೇ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಮೈಬಣ್ಣಕ್ಕೆ ಮರುಳಾಗದೆ ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ಲ್ಯಾಪ್‌ಟಾಪಿನ ಹಲ್ಲು ಇರುವುದು ಪ್ರೊಸೆಸರ್‌ನ ಈ ಅಂಕಿಗಳಲ್ಲಿ.

ಇನ್ನೂ ಕೆಳಗಿನ ಮೆಟ್ಟಿಲಲ್ಲಿ 22,000 ರೂಪಾಯಿ ಆಸುಪಾಸಿಗೆ ಎರಡು ಕೋರ್‌ನ ಸೆಲೆರಾನ್, 4 ಜಿಬಿ ರ‍್ಯಾಮ್‌ನ ಹೊಸ ಲ್ಯಾಪ್‌ಟಾಪ್‌ಗಳು ಸಿಗುತ್ತವೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಎಂದು ಕಾಗದದಲ್ಲಿದೆ, ನಿಜ. ಬ್ರೌಸರ್, ಟ್ಯಾಲಿ, ಆನ್‌ಲೈನ್ ತರಗತಿ ಮೂರನ್ನೂ ಒಟ್ಟಿಗೆ ತೆರೆದರೆ ಆ ಕನಿಷ್ಠ ಏನೇನೂ ಸಾಲದು. ಆಮೇಲೆ ರ‍್ಯಾಮ್ ಹಾಕಿಸೋಣವೆಂದರೆ ಈಗ ಅದೂ ತುಟ್ಟಿ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಸೆಳೆದುಕೊಂಡದ್ದರಿಂದ 2025ರ ಕೊನೆಯಲ್ಲಿ ಬೆಲೆ ಜಿಗಿಯಿತು. ಗ್ರಾಹಕರಿಗೆ ನೇರವಾಗಿ ರ‍್ಯಾಮ್ ಮಾರುತ್ತಿದ್ದ ಕ್ರೂಷಿಯಲ್ ವ್ಯವಹಾರದಿಂದಲೇ ಹೊರಬರುವುದಾಗಿ ಮೈಕ್ರಾನ್ ಅದೇ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ರ‍್ಯಾಮ್ ಕೊಳ್ಳುವಾಗಲೇ ತುಂಬಿರಲಿ ಎನ್ನುವುದು ಈ ವರ್ಷದ ಬುದ್ಧಿವಂತಿಕೆ.

ಉಳಿದ ದಾರಿ ಬೆಂಗಳೂರಿನ ಕಂಪ್ಯೂಟರ್ ಪೇಟೆಯಾದ ಎಸ್‌.ಪಿ. ರಸ್ತೆಯದು. ದೊಡ್ಡ ಕಂಪನಿಗಳು ಉದ್ಯೋಗಿಗಳಿಗೆ ಕೊಟ್ಟ ಲ್ಯಾಪ್‌ಟಾಪ್‌ಗಳನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸುತ್ತವೆ. ಹಳೆಯವು ಸ್ವಚ್ಛವಾಗಿ, ಪರೀಕ್ಷೆಗೊಳಗಾಗಿ ರಿಫರ್ಬಿಷ್ಡ್ ಎಂಬ ಹೆಸರಲ್ಲಿ ಮಾರಾಟಕ್ಕೆ ಬರುತ್ತವೆ. ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್, ಲೆನೊವೊ ಥಿಂಕ್‌ಪ್ಯಾಡ್ ಎಲ್ಲ ಕಚೇರಿ ಬಳಕೆಗೆಂದೇ ಗಟ್ಟಿಯಾಗಿ ಕಟ್ಟಿದವು. ಇವುಗಳನ್ನು ಬಿಚ್ಚಿ ಜೋಡಿಸುವ ಕೈಪಿಡಿಯನ್ನು ಕಂಪನಿಗಳೇ ಉಚಿತವಾಗಿ ಕೊಡುತ್ತವೆ. ಕುಣಿಗಲ್‌ಗೆ ಮುಖ್ಯವಾಗುವುದು ಇದೇ. ಲ್ಯಾಟಿಟ್ಯೂಡ್ 5420ರಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್ ಇವೆ, ಎಸ್‌ಎಸ್‌ಡಿ, ಬ್ಯಾಟರಿ ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತವೆ, ಟೈಪ್-ಸಿ ಚಾರ್ಜರ್ ನಡೆಯುತ್ತದೆ. ಊರಿನ ಅದೇ ಹುಡುಗ ಅರ್ಧ ಗಂಟೆಯಲ್ಲಿ ಸರಿಮಾಡಬಲ್ಲ.

ಅಂಕಣಕಾರ ಆರಿಸಿಕೊಂಡದ್ದು ಅದನ್ನೇ: ಹನ್ನೊಂದನೇ ತಲೆಮಾರಿನ ಐ5, 16 ಜಿಬಿ ರ‍್ಯಾಮ್, ಆರು ತಿಂಗಳ ವಾರಂಟಿ, 26,000 ರೂಪಾಯಿ. ಎಂಟನೇ ತಲೆಮಾರಿನವು ಇನ್ನೂ ಅಗ್ಗಕ್ಕಿದ್ದವು. ವಿಂಡೋಸ್ 11ರ ಹೊಸ್ತಿಲಲ್ಲೇ ನಿಂತಿರುವ ಅವು ಮುಂದಿನ ಬದಲಾವಣೆಗೆ ಮೊದಲು ಹೊರಬೀಳುತ್ತವೆಂದು ಬಿಟ್ಟದ್ದಾಯಿತು.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ನಿಂತು ನೋಡಬೇಕಾದವು ಕೆಲವಿವೆ. ತಳದಲ್ಲಿರುವ ಸರ್ವಿಸ್ ಟ್ಯಾಗನ್ನು ಡೆಲ್ ಜಾಲತಾಣದಲ್ಲಿ ಹಾಕಿದರೆ ಮೂಲ ಸಂರಚನೆ, ವಾರಂಟಿ ವಿವರ ತಿಳಿಯುತ್ತದೆ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿದರೆ ಹೊಸದಿದ್ದಾಗಿನ ಸಾಮರ್ಥ್ಯ, ಈಗ ಉಳಿದಿರುವುದು ಎರಡೂ ಪಕ್ಕಪಕ್ಕದಲ್ಲಿ ಕಾಣುತ್ತವೆ. ಬಯೋಸ್‌ಗೆ ಪಾಸ್‌ವರ್ಡ್ ಇದ್ದರೆ ಬೇಡ. ಹೊಸದಾಗಿ ವಿಂಡೋಸ್ ಹಾಕಿ ಇಂಟರ್ನೆಟ್‌ಗೆ ಜೋಡಿಸಿದಾಗ ಹಳೆಯ ಕಂಪನಿಯ ಲಾಗಿನ್ ಪುಟ ಬಂದರೆ ಯಂತ್ರ ಇನ್ನೂ ಆ ಕಂಪನಿಯ ಹಿಡಿತದಲ್ಲಿದೆ ಎಂದರ್ಥ; ಎಷ್ಟೇ ಅಗ್ಗವಾದರೂ ಬೇಡ. ಚಾರ್ಜರ್ ಮೇಲೆ ಬಿಐಎಸ್ ನೋಂದಣಿ ಗುರುತು ಇರಲಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್, ವಾರಂಟಿ ಅವಧಿ ಬರೆಸಿಕೊಂಡರೆ ತಕರಾರಾದಾಗ 1915 ಗ್ರಾಹಕ ಸಹಾಯವಾಣಿಗೆ ಹೇಳಲು ಆಧಾರವಿರುತ್ತದೆ. ಆಗಲೂ ಬಗೆಹರಿಯದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ.

ಎತ್ತಿಟ್ಟ 30,000ಕ್ಕೆ ಆರು ಸಾವಿರ ಹೆಚ್ಚು ಹಾಕಿ, 36,000ಕ್ಕೆ ಹೊಸ ಐ3-1215ಯು ಲ್ಯಾಪ್‌ಟಾಪನ್ನೇ ನೋ ಕಾಸ್ಟ್ ಇಎಂಐನಲ್ಲಿ ತರಬಹುದಿತ್ತಲ್ಲ ಎಂದು ಮನೆಯಲ್ಲಿ ಪ್ರಶ್ನೆ ಬಂತು. ಬಡ್ಡಿಯೇ ಇಲ್ಲದ ಕಂತು ಎಂಬುದು ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ನಡೆಯುವುದು ಹೀಗೆ: ಬಡ್ಡಿಯಷ್ಟು ಮೊತ್ತವನ್ನು ಮೊದಲೇ ರಿಯಾಯಿತಿಯಾಗಿ ತೋರಿಸಿ, ಬ್ಯಾಂಕು ಬಡ್ಡಿಯನ್ನು ಕಂತಿನಲ್ಲಿ ವಸೂಲು ಮಾಡುತ್ತದೆ. ವರ್ಷಕ್ಕೆ ಶೇ 15ರ ದರದಲ್ಲಿ 12 ಕಂತಾದರೆ ಆ ಬಡ್ಡಿ ಸುಮಾರು 2,760 ರೂಪಾಯಿ; ಅದರ ಮೇಲೆ ಶೇ 18 ಜಿಎಸ್‌ಟಿ ಸುಮಾರು 500. ಸಂಸ್ಕರಣಾ ಶುಲ್ಕ 199 ಇದ್ದರೆ ತೆರಿಗೆ ಸೇರಿ 235. ಒಟ್ಟು 730 ರೂಪಾಯಿಯಷ್ಟು ಕೈಯಿಂದ ಹೋಗುತ್ತದೆ, ನಗದು ಕೊಟ್ಟವರಿಗೆ ಸಿಗುವ ರಿಯಾಯಿತಿಯೂ ತಪ್ಪಬಹುದು.

ಇನ್ನು ವರ್ಷದ ಲೆಕ್ಕ. ಸೆಲೆರಾನ್ ಎರಡು ವರ್ಷ ಎಳೆದರೆ ವರ್ಷಕ್ಕೆ 11,000. ರಿಫರ್ಬಿಷ್ಡ್‌ಗೆ ನಡುವೆ ಬ್ಯಾಟರಿ ಬದಲಿಸಲು 3,200 ಸೇರಿಸಿ ನಾಲ್ಕು ವರ್ಷ ಬಂದರೆ 7,300. ಹೊಸ ಐ3 ಐದು ವರ್ಷ ಬಂದರೆ 7,200. ಕೊನೆಯ ಎರಡೂ ಹತ್ತಿರಹತ್ತಿರ ಸಮ. ಅಂಕಣಕಾರನ ಮನೆಯಲ್ಲಿ ರಿಫರ್ಬಿಷ್ಡ್ ಎಂದೇ ತೀರ್ಮಾನವಾದದ್ದು ಸಾಲವಿಲ್ಲದೆ ಕೊಳ್ಳುವುದು ಸಾಧ್ಯ, ಊರಲ್ಲೇ ರಿಪೇರಿ ಸಾಧ್ಯ ಎಂಬ ಎರಡು ಕಾರಣಕ್ಕೆ. ಬ್ಯಾಟರಿಯ 3,200 ಈಗಲೇ ಉಳಿತಾಯ ಖಾತೆಯಲ್ಲಿ ಬೇರೆ ಇದೆ.

ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ, ಲಿನಕ್ಸ್ ಬಂದು ಬರವಣಿಗೆಗೆ ಮೀಸಲಾಯಿತು. ಅದರ ಹಾರ್ಡ್‌ಡಿಸ್ಕ್‌ನಲ್ಲಿ ಆಧಾರ್ ಪ್ರತಿ, ಪಾಸ್‌ಬುಕ್ ಸ್ಕ್ಯಾನ್ ಎಲ್ಲ ಇದ್ದುದರಿಂದ ತೆಗೆದು ಮನೆಯಲ್ಲೇ ಇಡಲಾಗಿದೆ. ಅದರ ಬ್ಯಾಟರಿ ಉಬ್ಬಿದರೆ ಗುಜರಿಗೆ ಹೋಗಕೂಡದು; ಇ-ತ್ಯಾಜ್ಯ ಸಂಸ್ಕರಿಸುವ ಅಧಿಕೃತ ಘಟಕ ಇ-ಪರಿಸರ ಇರುವುದು ನಮ್ಮ ಪಕ್ಕದ ದಾಬಸ್‌ಪೇಟೆಯಲ್ಲೇ.

ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳಿಗೆ ಮಾತ್ರ ಈ ಲೆಕ್ಕ ತಿರುಗುಮುರುಗಾಗುತ್ತದೆ. 36,000ದ ಹೊಸ ಲ್ಯಾಪ್‌ಟಾಪಿನಲ್ಲಿ 5,492 ರೂಪಾಯಿ ತೆರಿಗೆಯೇ ಇದೆ. ವ್ಯಾಪಾರಕ್ಕೆಂದೇ ಬಳಸಿದರೆ ಅದು ಇನ್‌ಪುಟ್ ಕ್ರೆಡಿಟ್ ಆಗಿ ಮರಳುತ್ತದೆ, ನಿಜವಾದ ಬೆಲೆ 30,508ಕ್ಕೆ ಇಳಿಯುತ್ತದೆ. ಹಳೆಯ ಸಾಮಾನಿನ ವ್ಯಾಪಾರಿ ತನ್ನ ಲಾಭದ ಮೇಲಷ್ಟೇ ತೆರಿಗೆ ಕಟ್ಟುವ ಮಾರ್ಜಿನ್ ಪದ್ಧತಿಯಲ್ಲಿ ಬಿಲ್ ಕೊಟ್ಟರೆ ಕೊಂಡವರಿಗೆ ಆ ಕ್ರೆಡಿಟ್ ಇಲ್ಲ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೂ ಕ್ರೆಡಿಟ್ ಸಿಗದು. ಮಿಕ್ಕ ನೋಂದಾಯಿತ ಅಂಗಡಿಯವರು ಕೇಳಿದರೆ ಈ ಅಂಕಣಕಾರ ಹೇಳುವುದು ಹೊಸದನ್ನೇ: ರ‍್ಯಾಮ್‌ಗೆ ಖಾಲಿ ಸ್ಲಾಟ್ ಇರಲಿ, ಬಿಲ್ಲಿನಲ್ಲಿ ಅಂಗಡಿಯ ಜಿಎಸ್‌ಟಿ ನಂಬರ್ ಇರಲಿ, ಮೆಕ್ಯಾನಿಕ್ ಕುಣಿಗಲ್‌ವರೆಗೆ ಬರುವ ವಾರಂಟಿ ಇರಲಿ.