ಹೆಸರು ತಪ್ಪಿದರೆ ಹೊತ್ತು ತಪ್ಪೀತು: ಹೃದಯಾಘಾತ, ಹೃದಯ ಸ್ತಂಭನ, ಹೃದಯ ವೈಫಲ್ಯ, ಪಾರ್ಶ್ವವಾಯು

ಸಾವಿನ ಮನೆಯಲ್ಲಿ ಕೇಳಿಬರುವ ಮಾತುಗಳನ್ನು ಸದ್ಭಕ್ತರೆಲ್ಲರೂ ಬಲ್ಲಿರಿ. "ಹಾರ್ಟ್ ಅಟ್ಯಾಕ್ ಆತಂತ" ಎಂದು ಒಬ್ಬರು, "ಹಾರ್ಟ್ ಫೇಲ್ ಆತು" ಎಂದು ಇನ್ನೊಬ್ಬರು, "ಸ್ಟ್ರೋಕ್ ಹೊಡೀತು" ಎಂದು ಮತ್ತೊಬ್ಬರು ಹೇಳುತ್ತಾರೆ. ಕೇಳುವವರಿಗೆ ಇವೆಲ್ಲ ಒಂದೇ. ಜೀವ ಹೋದ ಮೇಲೆ ಯಾವ ಹೆಸರಿನಿಂದ ಕರೆದರೂ ಆಗುವ ನಷ್ಟವೇನಿಲ್ಲ. ಆದರೆ ಜೀವ ಇನ್ನೂ ಇರುವಾಗ, ಆ ಕೆಲವು ನಿಮಿಷ ಅಥವಾ ಕೆಲವು ತಾಸುಗಳಲ್ಲಿ, ಹೆಸರು ತಪ್ಪಿದರೆ ಮಾಡಬೇಕಾದ ಕೆಲಸವೂ ತಪ್ಪುತ್ತದೆ. ಈ ನಾಲ್ಕು ಕಾಯಿಲೆಗಳ ಅಂತರವನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕೆಂಬುದೇ ಈ ಲೇಖನದ ಆಶಯ.

ನನ್ನ ದೊಡ್ಡಪ್ಪನವರ ಕೊನೆಯ ಬೆಳಗನ್ನು ಇಲ್ಲಿ ನೆನೆಯುವುದು ಅನಿವಾರ್ಯವಾಗಿದೆ. ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಜೋಳದ ರಾಶಿಯ ದಿನಗಳು. ನಸುಕಿನ ನಾಲ್ಕು ಗಂಟೆಗೆ ಅವರು ಎದ್ದು ಕುಳಿತು, ಎದೆಯ ಮೇಲೆ ಕಲ್ಲು ಹೇರಿದಂತಾಗಿದೆ ಎಂದರು. ಚಳಿಯ ಹೊತ್ತಿನಲ್ಲಿಯೂ ಅಂಗಿ ಬೆವರಿನಿಂದ ತೊಯ್ದಿತ್ತು. ದೊಡ್ಡಮ್ಮ ಓಮದ ಕಾಳು ಕೊಟ್ಟರು. "ವಾಯು ಹಿಡದೈತಿ, ಇಳೀತೈತಿ ಬಿಡ್ರಿ" ಎಂದು ಅವರೇ ನಮಗೆ ಸಮಾಧಾನ ಹೇಳಿದರು. ಎಂಟು ಗಂಟೆಗೆ ನನ್ನ ಹೆಗಲು ಹಿಡಿದು ನಡೆದೇ ಬಸ್ಸಿನ ನಿಲ್ದಾಣಕ್ಕೆ ಬಂದರು. ರಾಶಿಯ ಲೆಕ್ಕ ಮಾತನಾಡುತ್ತಿದ್ದವರು ಇದ್ದಕ್ಕಿದ್ದಂತೆ ಉರುಳಿ ಬಿದ್ದರು. ಯಾರೋ ಮುಖಕ್ಕೆ ನೀರು ಚಿಮುಕಿಸಿದರು, ಯಾರೋ ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು, ಇನ್ನಾರೋ ಕೈಯೊಳಗೆ ಕಬ್ಬಿಣದ ಕೀಲಿಕೈ ತುರುಕಿದರು. ಗಂಟಲಿನಿಂದ ಆಗೊಮ್ಮೆ ಈಗೊಮ್ಮೆ ಗೊರಗೊರ ಸದ್ದು ಬರುತ್ತಿತ್ತು. "ಉಸಿರೈತಿ, ಉಸಿರೈತಿ" ಎನ್ನುತ್ತ ನಾವೆಲ್ಲ ಸುತ್ತ ನಿಂತು ಕಾದೆವು.

ಹತ್ತನೆಯ ತರಗತಿಯ ಹುಡುಗನಾಗಿದ್ದ ನಾನು ಮುಂದೆ ವೈದ್ಯಕೀಯ ಓದುವಾಗ ತಿಳಿದದ್ದು ಇದು: ಅಂದು ನಡೆದದ್ದು ಒಂದಲ್ಲ, ಎರಡು. ನಾಲ್ಕರಿಂದ ಎಂಟು ಗಂಟೆಯವರೆಗೆ ನಡೆದದ್ದು ಹೃದಯಾಘಾತ. ನಿಲ್ದಾಣದಲ್ಲಿ ನಡೆದದ್ದು ಹೃದಯ ಸ್ತಂಭನ. ಮೊದಲನೆಯದು ನಮಗೆ ನಾಲ್ಕು ತಾಸು ಕೊಟ್ಟಿತ್ತು, ಎರಡನೆಯದು ಕೆಲವೇ ನಿಮಿಷ. ಎರಡನ್ನೂ ನಾವು ಗುರುತಿಸಲಿಲ್ಲ.

ಹೃದಯಾಘಾತ: ರಕ್ತನಾಳದ ತೊಂದರೆ

ದೇಹಕ್ಕೆಲ್ಲ ರಕ್ತ ಹಂಚುವ ಹೃದಯಕ್ಕೂ ತನ್ನದೇ ಆದ ರಕ್ತ ಬೇಕು. ಅದನ್ನು ತಂದುಕೊಡುವ ನಾಳಗಳಿಗೆ ಕರೋನರಿ ಅಪಧಮನಿಗಳೆಂದು ಹೆಸರು. ಅವುಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೂಡಿದ ಕೊಬ್ಬಿನ ಪದರ ಒಂದು ದಿನ ಒಡೆದಾಗ, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಆ ನಾಳವನ್ನು ನಂಬಿದ ಹೃದಯದ ಸ್ನಾಯು ರಕ್ತವಿಲ್ಲದೆ ಸಾಯತೊಡಗುತ್ತದೆ. ಇದೇ ಹೃದಯಾಘಾತ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಹೃದಯಾಘಾತವಾದಾಗ ಹೃದಯ ಸಾಮಾನ್ಯವಾಗಿ ಬಡಿಯುತ್ತಲೇ ಇರುತ್ತದೆ. ರೋಗಿ ಎಚ್ಚರವಾಗಿರುತ್ತಾನೆ, ಮಾತನಾಡುತ್ತಾನೆ, ಕೆಲವೊಮ್ಮೆ ನಡೆಯುತ್ತಾನೆ ಕೂಡ. ಅದಕ್ಕಾಗಿಯೇ ಮನೆಯವರು ಮೋಸ ಹೋಗುತ್ತಾರೆ. ಅಂದು ನಾವು "ವಾಯು" ಎಂದೆವು, ಇಂದಿನವರು "ಗ್ಯಾಸ್ಟ್ರಿಕ್" ಎನ್ನುತ್ತಾರೆ. ಹೆಸರು ಬದಲಾಗಿದೆ, ತಪ್ಪು ಬದಲಾಗಿಲ್ಲ.

ಹೊಟ್ಟೆಯ ಆಮ್ಲದಿಂದಾಗುವ ಎದೆಯುರಿ ಹೆಚ್ಚಾಗಿ ಊಟದ ನಂತರ, ಬಾಗಿದಾಗ ಅಥವಾ ಮಲಗಿದಾಗ ಕಾಣಿಸಿಕೊಳ್ಳುತ್ತದೆ, ಹುಳಿತೇಗು ಜೊತೆಗಿರುತ್ತದೆ. ಹೃದಯದ ನೋವು ಉರಿಗಿಂತ ಹೆಚ್ಚಾಗಿ ಭಾರ, ಬಿಗಿತ, ಹಿಂಡಿದಂಥ ಅನುಭವ. ಅದು ದವಡೆ, ಹೆಗಲು, ತೋಳು, ಬೆನ್ನಿಗೆ ಹರಡಬಹುದು. ತಣ್ಣನೆಯ ಬೆವರು, ಏದುಸಿರು, ವಾಕರಿಕೆ ಕೂಡಿಕೊಳ್ಳಬಹುದು. ಸಕ್ಕರೆ ಕಾಯಿಲೆಯವರಲ್ಲಿ, ವೃದ್ಧರಲ್ಲಿ ಮತ್ತು ಮಹಿಳೆಯರಲ್ಲಿ ಎದೆನೋವೇ ಇಲ್ಲದೆ ಬರಿಯ ಸುಸ್ತು, ಉಸಿರಾಟದ ಕಷ್ಟವಷ್ಟೇ ಕಾಣಿಸಬಹುದು. ಆದರೂ ಈ ಲಕ್ಷಣಗಳನ್ನು ನೋಡಿ ಮನೆಯಲ್ಲಿಯೇ ತೀರ್ಪು ಕೊಡುವುದು ಸಲ್ಲದು. ವೈದ್ಯರೂ ಇಸಿಜಿ ಮತ್ತು ರಕ್ತಪರೀಕ್ಷೆ ಇಲ್ಲದೆ ಖಚಿತವಾಗಿ ಹೇಳಲಾರರು. ಮೊದಲ ಇಸಿಜಿ ಸರಿಯಾಗಿದ್ದು, ಸ್ವಲ್ಪ ಹೊತ್ತಿನ ಮೇಲೆ ತೆಗೆದ ಎರಡನೆಯದರಲ್ಲಿ ದೋಷ ಕಾಣಿಸುವುದೂ ಉಂಟು. ದವಡೆಯಿಂದ ಹೊಕ್ಕುಳದವರೆಗೆ ಎಲ್ಲಿಯಾದರೂ ಹೊಸದಾಗಿ ಬಂದ ನೋವು ಅಥವಾ ಬಿಗಿತ ಹದಿನೈದು ನಿಮಿಷದಲ್ಲಿ ಇಳಿಯದಿದ್ದರೆ, ಸೋಡಾ ಕುಡಿದು ಕಾಯುವ ಬದಲು ಇಸಿಜಿ ಇರುವ ಆಸ್ಪತ್ರೆಗೆ ಹೊರಡಬೇಕು. ಬೆವರು ಅಥವಾ ಏದುಸಿರು ಜೊತೆಗಿದ್ದರೆ ಆ ಹದಿನೈದು ನಿಮಿಷವನ್ನೂ ಕಾಯಬಾರದು. ರೋಗಿಯನ್ನು ನಡೆಸಬಾರದು, ಅವರೇ ವಾಹನ ಓಡಿಸಲು ಬಿಡಬಾರದು.

ಮುಚ್ಚಿದ ನಾಳವನ್ನು ಹೆಪ್ಪು ಕರಗಿಸುವ ಚುಚ್ಚುಮದ್ದಿನಿಂದ ಅಥವಾ ಆಂಜಿಯೋಪ್ಲಾಸ್ಟಿಯಿಂದ ತೆರೆಯಬಹುದು. ಎಷ್ಟು ಬೇಗ ತೆರೆಯುತ್ತೇವೋ ಅಷ್ಟು ಸ್ನಾಯು ಉಳಿಯುತ್ತದೆ. ಕರ್ನಾಟಕ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ ಸಲಹೆ ನೀಡುವ ಮತ್ತು ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ನಿಮ್ಮ ತಾಲೂಕಿನ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆಯೇ ಎಂದು ಕಾಯಿಲೆ ಬರುವ ಮುನ್ನವೇ ವಿಚಾರಿಸಿಟ್ಟುಕೊಳ್ಳಿರಿ.

ಹೃದಯ ಸ್ತಂಭನ: ವಿದ್ಯುತ್ತಿನ ತೊಂದರೆ

ಹೃದಯದ ಪ್ರತಿಯೊಂದು ಬಡಿತಕ್ಕೂ ಅದರೊಳಗೆಯೇ ಹುಟ್ಟುವ ಸೂಕ್ಷ್ಮ ವಿದ್ಯುತ್ ಸಂಕೇತ ಕಾರಣ. ಆ ಸಂಕೇತ ಅಸ್ತವ್ಯಸ್ತವಾದಾಗ ಹೃದಯ ಬಡಿಯುವುದನ್ನು ಬಿಟ್ಟು ಸುಮ್ಮನೆ ಅದುರುತ್ತದೆ, ಇಲ್ಲವೇ ಪೂರ್ತಿ ನಿಲ್ಲುತ್ತದೆ. ಮಿದುಳಿಗೆ ರಕ್ತ ಹೋಗುವುದು ನಿಲ್ಲುತ್ತದೆ. ವ್ಯಕ್ತಿ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ. ಇದು ಹೃದಯ ಸ್ತಂಭನ.

ಹೃದಯಾಘಾತವು ಸ್ತಂಭನಕ್ಕೆ ಒಂದು ಮುಖ್ಯ ಕಾರಣ. ಆದರೆ ಎಲ್ಲ ಹೃದಯಾಘಾತಗಳೂ ಸ್ತಂಭನದಲ್ಲಿ ಮುಗಿಯುವುದಿಲ್ಲ, ಎಲ್ಲ ಸ್ತಂಭನಗಳಿಗೂ ಹೃದಯಾಘಾತ ಕಾರಣವಲ್ಲ. ಅಂತರವನ್ನು ಗುರುತಿಸುವುದು ಸುಲಭ. ಹೃದಯಾಘಾತದ ರೋಗಿ ಕರೆದರೆ ಓಗೊಡುತ್ತಾನೆ. ಸ್ತಂಭನದ ರೋಗಿ ಓಗೊಡುವುದಿಲ್ಲ, ಉಸಿರಾಡುವುದೂ ಇಲ್ಲ. ಬಿಟ್ಟುಬಿಟ್ಟು ಬರುವ ಗೊರಗೊರ ಸದ್ದು ಉಸಿರಾಟವಲ್ಲ. ಅದು ಹೃದಯ ನಿಂತದ್ದರ ಗುರುತು. ನಾವು ಅಂದು ಅದನ್ನೇ ಉಸಿರೆಂದು ನಂಬಿ ನಿಂತೆವು.

ಚಿಕಿತ್ಸೆ ಸಿಗದಿದ್ದರೆ ನಾಲ್ಕರಿಂದ ಆರು ನಿಮಿಷಗಳಲ್ಲಿ ಮಿದುಳಿಗೆ ಹಾನಿ ಆರಂಭವಾಗುತ್ತದೆ. ಅಷ್ಟರಲ್ಲಿ ಯಾವ ಆಸ್ಪತ್ರೆಯನ್ನೂ ತಲುಪಲಾಗದು. ಆದ್ದರಿಂದ ಇಲ್ಲಿ ಮೊದಲ ವೈದ್ಯರು ಪಕ್ಕದಲ್ಲಿದ್ದವರೇ. 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಅವರು ಎದೆಯನ್ನು ತೆರೆಯದೆ, ಹೊರಗಿನಿಂದ ಒತ್ತಿಯೇ ರಕ್ತಸಂಚಾರ ನಡೆಸಬಹುದೆಂದು ವರದಿ ಮಾಡಿದರು. ಇಂದು ಸಿಪಿಆರ್ ಎಂದು ಕರೆಯುವ ವಿಧಾನದ ತಿರುಳು ಇದೇ.

ಬಿದ್ದವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಬೇಕು. ಒಬ್ಬರು 108ಕ್ಕೆ ಕರೆ ಮಾಡಬೇಕು. ಇನ್ನೊಬ್ಬರು ಪಕ್ಕದಲ್ಲಿ ಮಂಡಿಯೂರಿ, ಎದೆಯ ನಡುವೆ ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಬಾಗಿಸದೆ, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಪ್ರತಿ ಬಾರಿಯೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಬಾರದಿದ್ದರೆ ಒತ್ತುವುದನ್ನಷ್ಟೇ ನಿಲ್ಲಿಸದೆ ಮುಂದುವರಿಸಬೇಕು. ದಣಿದರೆ ಮತ್ತೊಬ್ಬರು ಕೈಗೂಡಿಸಬೇಕು. ಪಕ್ಕೆಲುಬು ಮುರಿದೀತೆಂಬ ಅಂಜಿಕೆ ಬೇಡ. ಮುರಿದ ಎಲುಬು ಕೂಡಿಕೊಳ್ಳುತ್ತದೆ. ನೀರು ಕುಡಿಸುವುದು, ಉಳ್ಳಾಗಡ್ಡಿ ಮೂಸಿಸುವುದು, ಕೀಲಿಕೈ ಹಿಡಿಸುವುದು ಇವುಗಳಿಂದ ಸಮಯ ಹಾಳಾಗುವುದೇ ಹೊರತು ಬೇರೇನೂ ಆಗದು. ಒಂಟಿಯಾಗಿದ್ದಾಗ ಜೋರಾಗಿ ಕೆಮ್ಮಿದರೆ ಪ್ರಾಣ ಉಳಿಯುತ್ತದೆಂದು ವಾಟ್ಸಾಪಿನಲ್ಲಿ ತಿರುಗುವ ಸಂದೇಶವನ್ನೂ ನಂಬಬಾರದು.

ಹೃದಯ ವೈಫಲ್ಯ: ಶಕ್ತಿ ಕುಂದಿದ ಹೃದಯ

"ಹಾರ್ಟ್ ಫೇಲ್" ಎಂಬ ಮಾತು ಕಿವಿಗೆ ಬಿದ್ದೊಡನೆ ಹೃದಯ ನಿಂತೇ ಹೋಯಿತೆಂದು ಮನೆಯವರು ಅಳುವುದುಂಟು. ಹೃದಯ ವೈಫಲ್ಯದಲ್ಲಿ ಹೃದಯ ನಿಂತಿರುವುದಿಲ್ಲ. ದುರ್ಬಲವಾಗಿ ಅಥವಾ ಪೆಡಸಾಗಿ, ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪೂರೈಸಲಾರದೆ ಇರುತ್ತದೆ. ಹಿಂದೆ ಆದ ಹೃದಯಾಘಾತ, ಹತೋಟಿಯಿಲ್ಲದ ರಕ್ತದೊತ್ತಡ, ಕವಾಟಗಳ ದೋಷ ಮುಂತಾದವು ಇದಕ್ಕೆ ಕಾರಣ. ಸಾಮಾನ್ಯವಾಗಿ ಇದು ವಾರ, ತಿಂಗಳುಗಳಲ್ಲಿ ಬೆಳೆಯುವ ಕಾಯಿಲೆ. ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಿದರೆ ಉಸಿರು ಕಟ್ಟಿ ಎರಡು ಮೂರು ದಿಂಬು ಬೇಕೆನಿಸುವುದು, ಸಂಜೆಗೆ ಪಾದ ಊದಿಕೊಳ್ಳುವುದು ಇದರ ಲಕ್ಷಣಗಳು.

ಇಂಥವರು ಔಷಧಿಯೊಂದಿಗೆ ಬಹುಕಾಲ ಬಾಳಬಹುದು. ದಿನವೂ ಬೆಳಿಗ್ಗೆ ತೂಕ ನೋಡಿಕೊಳ್ಳಬೇಕು. ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಅದು ಮೈ ತುಂಬಿದ್ದಲ್ಲ, ನೀರು ನಿಂತದ್ದು; ವೈದ್ಯರನ್ನು ಕಾಣಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ದೂರವಿಡಬೇಕು. ಮೈ ಹಗುರಾಯಿತೆಂದು ತಾವಾಗಿಯೇ ಗುಳಿಗೆ ನಿಲ್ಲಿಸುವುದೇ ಇವರಿಗೆ ದೊಡ್ಡ ಅಪಾಯ.

ಪಾರ್ಶ್ವವಾಯು: ಮಿದುಳಿನ ತೊಂದರೆ

ಸ್ಟ್ರೋಕ್ ಎಂಬ ಮಾತನ್ನು ಹೃದಯಕ್ಕೂ ಬಳಸುವವರಿದ್ದಾರೆ. ಅದು ಹೃದಯದ್ದಲ್ಲ, ಮಿದುಳಿನದು. ನಮ್ಮ "ಪಾರ್ಶ್ವವಾಯು" ಎಂಬ ಹೆಸರಿನಲ್ಲಿಯೂ ಒಂದು ತೊಡಕಿದೆ. ವಾಯು ಎಂದೊಡನೆ ಕೈಕಾಲಿಗೆ ಹಿಡಿದ ಗಾಳಿ, ಎಣ್ಣೆ ತಿಕ್ಕಿದರೆ ಬಿಟ್ಟೀತೆಂದು ಜನ ಭಾವಿಸುತ್ತಾರೆ. ಸೋತದ್ದು ಕೈಯಲ್ಲ, ಕೈಯನ್ನು ಆಡಿಸುವ ಮಿದುಳಿನ ಭಾಗ. ಹತ್ತರಲ್ಲಿ ಎಂಟರಷ್ಟು ಪ್ರಕರಣಗಳಲ್ಲಿ ಮಿದುಳಿನ ರಕ್ತನಾಳ ಮುಚ್ಚಿರುತ್ತದೆ, ಉಳಿದವುಗಳಲ್ಲಿ ನಾಳ ಒಡೆದು ರಕ್ತ ಸೋರಿರುತ್ತದೆ.

ನಗಲು ಹೇಳಿದರೆ ಬಾಯಿ ಒಂದು ಕಡೆ ಸೊಟ್ಟಗಾಗುವುದು, ಎರಡೂ ಕೈ ಎತ್ತಿದರೆ ಒಂದು ಇಳಿಯುವುದು, ಮಾತು ತೊದಲುವುದು, ಈ ಮೂರರಲ್ಲಿ ಒಂದು ಥಟ್ಟನೆ ಕಂಡರೂ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಧಾವಿಸಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕಾಗುತ್ತದೆ. ಆದ್ದರಿಂದ ರೋಗಿ ಕೊನೆಯ ಬಾರಿ ಸರಿಯಾಗಿ ಕಂಡದ್ದು ಎಷ್ಟು ಗಂಟೆಗೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಲಕ್ಷಣ ಹತ್ತು ನಿಮಿಷದಲ್ಲಿ ತಾನಾಗಿಯೇ ಮಾಯವಾದರೂ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಅದು ಬರಲಿರುವ ದೊಡ್ಡ ಹೊಡೆತದ ಮುನ್ಸೂಚನೆಯಾಗಿರಬಹುದು. ನುಂಗುವ ಶಕ್ತಿ ಕುಂದಿರುವುದರಿಂದ ನೀರು, ಗುಳಿಗೆ ಏನನ್ನೂ ಬಾಯಿಗೆ ಹಾಕಬಾರದು. ಪಾರಿವಾಳದ ರಕ್ತ ಹಚ್ಚುವುದು, ಬೆರಳ ತುದಿಗೆ ಸೂಜಿ ಚುಚ್ಚುವುದು ಇವೆಲ್ಲ ಅಮೂಲ್ಯ ತಾಸುಗಳನ್ನು ನುಂಗುವ ಮೂಢನಂಬಿಕೆಗಳು.

ಒಂದೇ ಗುಳಿಗೆ, ಎರಡು ಪರಿಣಾಮ

ಹೆಸರಿನ ಅಂತರ ಎಷ್ಟು ಮುಖ್ಯವೆಂಬುದಕ್ಕೆ ಆಸ್ಪಿರಿನ್ ಗುಳಿಗೆಯೇ ಸಾಕ್ಷಿ. 1988ರಲ್ಲಿ ಪ್ರಕಟವಾದ, 17,187 ರೋಗಿಗಳನ್ನೊಳಗೊಂಡ ಐಸಿಸ್-2 ಎಂಬ ಅಧ್ಯಯನವು ಹೃದಯಾಘಾತದ ಶಂಕೆಯಿದ್ದವರಿಗೆ ಆಸ್ಪಿರಿನ್ ಕೊಟ್ಟರೆ ಮೊದಲ ಐದು ವಾರಗಳ ಸಾವು ಸುಮಾರು ಶೇ. 23ರಷ್ಟು ತಗ್ಗುತ್ತದೆಂದು ತೋರಿಸಿತು. ಅಲರ್ಜಿ, ಹೊಟ್ಟೆಹುಣ್ಣು, ರಕ್ತಸ್ರಾವದ ತೊಂದರೆ ಇಲ್ಲದ ಹೃದಯಾಘಾತದ ರೋಗಿಗೆ, ವೈದ್ಯರು ಫೋನಿನಲ್ಲಿ ಹೇಳಿದರೆ ಅದನ್ನು ಜಗಿಯಲು ಕೊಡಬಹುದು. ಅದೇ ಗುಳಿಗೆಯನ್ನು ಪಾರ್ಶ್ವವಾಯುವಿನ ರೋಗಿಗೆ ಮನೆಯಲ್ಲಿ ಕೊಟ್ಟರೆ, ಮಿದುಳಿನಲ್ಲಿ ರಕ್ತ ಸೋರುತ್ತಿದ್ದ ಪಕ್ಷದಲ್ಲಿ ಅಪಾಯ ಹೆಚ್ಚೀತು. ನಾಳ ಮುಚ್ಚಿದೆಯೋ ಒಡೆದಿದೆಯೋ ಎಂಬುದನ್ನು ಸ್ಕ್ಯಾನ್ ಮಾಡದೆ ಯಾರೂ ಹೇಳಲಾರರು.

ಮನೆಯಲ್ಲಿ ಬರೆದಿಟ್ಟುಕೊಳ್ಳಬೇಕಾದದ್ದು

ಎಚ್ಚರವಿದ್ದು ಎದೆಯಲ್ಲಿ ಭಾರವಿದ್ದರೆ ಹೃದಯಾಘಾತದ ಶಂಕೆ: ಕುಳ್ಳಿರಿಸಿ, ನಡೆಸದೆ, ಇಸಿಜಿಗೆ ಕರೆದೊಯ್ಯಿರಿ.

ಎಚ್ಚರವಿಲ್ಲದೆ ಸರಿಯಾದ ಉಸಿರೂ ಇಲ್ಲದಿದ್ದರೆ ಹೃದಯ ಸ್ತಂಭನ: 108ಕ್ಕೆ ಕರೆ ಮಾಡಿಸಿ, ಆ ಕ್ಷಣದಿಂದಲೇ ಎದೆಯನ್ನು ಒತ್ತಿರಿ.

ಏದುಸಿರು, ಕಾಲಿನ ಬಾವು ದಿನದಿನಕ್ಕೆ ಏರುತ್ತಿದ್ದರೆ ಹೃದಯ ವೈಫಲ್ಯದ ಶಂಕೆ: ಮುಂದೂಡದೆ ವೈದ್ಯರನ್ನು ಕಾಣಿರಿ. ಕುಳಿತಲ್ಲಿಯೇ ಉಸಿರು ಕಟ್ಟುತ್ತಿದ್ದರೆ ಅದೇ ಗಳಿಗೆಯಲ್ಲಿ ಹೊರಡಿರಿ.

ಮುಖ, ಕೈ, ಮಾತು ಇವುಗಳಲ್ಲಿ ಒಂದು ಥಟ್ಟನೆ ಸೋತರೆ ಪಾರ್ಶ್ವವಾಯು: ಹೊತ್ತು ಬರೆದುಕೊಂಡು, ಬಾಯಿಗೆ ಏನೂ ಹಾಕದೆ, ಸ್ಕ್ಯಾನ್ ಇರುವಲ್ಲಿಗೆ ಹೊರಡಿರಿ.

ದೊಡ್ಡಪ್ಪನವರ ಕಾಲಕ್ಕೆ ನಮ್ಮಲ್ಲಿ 108ರ ವಾಹನವಿರಲಿಲ್ಲ. ಅದು ಕರ್ನಾಟಕಕ್ಕೆ ಬಂದದ್ದು 2008ರಲ್ಲಿ. ತಾಲೂಕಿನಲ್ಲಿ ಇಸಿಜಿಯೂ ಸುಲಭವಾಗಿರಲಿಲ್ಲ. ಅಂದು ಎಲ್ಲವನ್ನೂ ಸರಿಯಾಗಿ ಮಾಡಿದ್ದರೂ ಅವರು ಉಳಿಯುತ್ತಿದ್ದರೆಂದು ವೈದ್ಯನಾಗಿ ನಾನು ಹೇಳಲಾರೆ. ಆದರೆ ಸುತ್ತ ನಿಂತಿದ್ದ ಇಪ್ಪತ್ತು ಜನರಲ್ಲಿ ಒಬ್ಬರಿಗಾದರೂ ಎದೆ ಒತ್ತುವುದು ತಿಳಿದಿದ್ದರೆ, ಅವರಿಗೆ ಒಂದು ಅವಕಾಶವಾದರೂ ಇರುತ್ತಿತ್ತು. ಜಾತ್ರೆ, ದಾಸೋಹ, ಮಾಸಿಕ ಸಭೆಗಳಲ್ಲಿ ನೂರಾರು ಜನ ಒಂದೆಡೆ ಸೇರುವ ನಾವು, ಅಂಥ ಒಂದು ದಿನ ಒಂದು ತಾಸು ಬಿಡುವು ಮಾಡಿಕೊಂಡು ಎದೆ ಒತ್ತುವ ವಿಧಾನವನ್ನು ಬಲ್ಲವರಿಂದ ಕಲಿಯಬಹುದು. ಕಲಿತ ಆ ಕೈಗಳು ಎಂದಾದರೊಂದು ದಿನ ನಮ್ಮ ಮನೆಯವರಿಗೇ ಬೇಕಾಗಬಹುದು.