ಕಾಯುವ ಹೊತ್ತೂ ಕಾಲವೇ: ‘ಚಲನೆ’ ಪಾಠದ ಒಂದು ಅನುಭವ

ನಾರ್ವೆಯ ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಯವರಿಂದ ಸಾರಿಗೆ ತಂತ್ರಜ್ಞಾನ ಸಮ್ಮೇಳನದಲ್ಲಿ ಮಾತನಾಡಲು ಅವಕಾಶ ಕೋರುವ ಪ್ರಸ್ತಾವ ಬರೆಯಿಸಿದೆ. ಶೀರ್ಷಿಕೆ, ಸಮಸ್ಯೆ, ಅಳತೆ, ಫಲಿತಾಂಶ, ಇಷ್ಟೇ. ಹೆಚ್ಚಿನವರದು ಬುಲೆಟ್ ರೈಲು. ಒಬ್ಬಳು ಮಾತ್ರ, ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಕಟ್ಟಿ 2020ರಲ್ಲಿ ನಿಂತುಹೋದ ‘ಸಹಕಾರ ಸಾರಿಗೆ’ಯ ಕುರಿತು ಬರೆದಳು: ‘ಬಸ್ಸು ನಿಂತ ಮೇಲೆ ನಮ್ಮ ಜವ ಎಷ್ಟು?’

‘ಇದು ವಿಜ್ಞಾನವಲ್ಲ’ ಎಂದು ಕೆಂಪು ಗೆರೆ ಎಳೆದೆ. ತಪ್ಪು ನನ್ನದು. ಸರಾಸರಿ ಜವವೆಂದರೆ ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸಿದ್ದು. 12 ಕಿ.ಮೀ. ದಾರಿಗೆ ಬಸ್ಸು 30 ನಿಮಿಷ ತೆಗೆದುಕೊಂಡರೆ ಅದರ ಜವ ಗಂಟೆಗೆ 24 ಕಿ.ಮೀ.; ಅದಕ್ಕಾಗಿ 60 ನಿಮಿಷ ಕಾದವನದು ಬರೀ 8.

ಮರುದಿನ ಕ್ಷಮೆ ಕೇಳಿ, ‘ಅಳತೆ’ಯ ಜಾಗ ಖಾಲಿಯಿದೆಯಲ್ಲ ಎಂದೆ. ಒಂದು ವಾರ ಕಾದ ನಿಮಿಷಗಳನ್ನು ಬರೆದಿಡಲು ಒಪ್ಪಿದಳು.